ಮಕ್ಕಳೊಂದಿಗೆ ಅನಂತಪುರಕ್ಕೆ ಸೈಕಲ್: ಕುಂಬಳೆಯ ಭಾನುವಾರದ ಕುಟುಂಬ ಸವಾರಿ ಹೇಗಿದೆ?

ಕಾಸರಗೋಡು ಜಿಲ್ಲೆಯ ಕುಂಬಳೆ ಪೇಟೆಯಿಂದ, ಕೆರೆಯ ನಡುವೆ ಗುಡಿ ಇರುವ ಅನಂತಪುರಕ್ಕೆ ಸುಮಾರು 6 ಕಿಲೋಮೀಟರ್. ದಿನಾ ಸೈಕಲ್ ತುಳಿಯುವವರು ಬೆಳಗಿನ ತಿಂಡಿಗೆ ಮೊದಲೇ ಹೋಗಿ ಬಂದಾರು. 8 ವರ್ಷದ ಮಗುವಿಗಾದರೆ ಅದು ಅರ್ಧ ದಿನದ ಕೆಲಸ. ಈ ವ್ಯತ್ಯಾಸ ಗೊತ್ತಿದ್ದು ನಡೆಸುವ ಸವಾರಿ ಇದು, ಅದೇ ಇದರ ದೊಡ್ಡ ಗುಣ. ಇಲ್ಲಿನ ಸೈಕಲ್ ಬಳಗದವರು ವೇಗದ ಮಾತೇ ಎತ್ತುವುದಿಲ್ಲ. ಕೊರತೆ ಇರುವುದು ಅವರು ಬಾಡಿಗೆಗೆ ಕೊಡುವ ಮಕ್ಕಳ ಸೈಕಲ್‌ಗಳಲ್ಲಿ. ಸ್ವಂತ ಸೈಕಲ್ ಇದ್ದವರು ಧೈರ್ಯವಾಗಿ ಹೋಗಬಹುದು. ಇಲ್ಲದವರು ಮುಂದಿನದನ್ನು ಓದಿಕೊಂಡು ಹೋಗಿ.

ಹೊರಡುವುದು ಬೆಳಗ್ಗೆ ಆರೂವರೆಗೆ. ಒಂಬತ್ತು ದಾಟಿದರೆ ಪದವಿನ (ಗುಡ್ಡದ ಮೇಲಿನ ಬಯಲಿನ) ಮೇಲೆ ನೆರಳಿಲ್ಲ, ಅಲ್ಲಿನ ಕೆಂಪು ಮುರಕಲ್ಲು ಕಾದು ಕೆಳಗಿನಿಂದಲೂ ಬಿಸಿ ಹೊಡೆಯುತ್ತದೆ. ಆದ್ದರಿಂದ ಈ ಸಮಯ ಸರಿಯಾಗಿದೆ. ಉಪ್ಪಳ, ಮೊಗ್ರಾಲು, ಕಾಸರಗೋಡು ಕಡೆಯವರು ಕುಂಬಳೆಗೆ ತಲುಪುವುದೇ ಒಂದು ಪ್ರಶ್ನೆ. ಆರು ಪಥದ ಹೆದ್ದಾರಿಯ ಮುಖ್ಯ ಭಾಗಕ್ಕೆ ಮಕ್ಕಳ ಸೈಕಲ್ ಇಳಿಸುವ ಮಾತೇ ಬೇಡ. ಸರ್ವಿಸ್ ರಸ್ತೆಯಲ್ಲೂ ಎದುರಿನಿಂದ ಬೈಕ್, ರಿಕ್ಷಾ ಬರುತ್ತವೆ. ಸೈಕಲನ್ನು ಕಾರಿನಲ್ಲಿ ಹಾಕಿ ತರುವುದೇ ವಾಸಿ. ಮುಂದಿನ ಚಕ್ರ ಕಳಚಿ, ಗೇರ್ ಇರುವ ಬಲಬದಿ ಮೇಲೆ ಬರುವಂತೆ ಮಲಗಿಸಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಆದರೆ ಚಕ್ರ ಕಳಚಿದ ಮೇಲೆ ಯಾರೂ ಬ್ರೇಕ್ ಹಿಡಿ ಒತ್ತಬಾರದು. ಒತ್ತಿದರೆ ಪ್ಯಾಡ್‌ಗಳು ಒಂದಕ್ಕೊಂದು ಹತ್ತಿರವಾಗಿ ಕೂತುಬಿಡುತ್ತವೆ, ಡಿಸ್ಕ್ ಮತ್ತೆ ಒಳಗೆ ಹೋಗುವುದಿಲ್ಲ. ಮಕ್ಕಳ ಕೈ ಸುಮ್ಮನಿರುವುದಿಲ್ಲವಾದ್ದರಿಂದ ಪ್ಯಾಡ್‌ಗಳ ನಡುವೆ ರಟ್ಟಿನ ಚೂರೊಂದನ್ನು ಸಿಕ್ಕಿಸಿಡಿ.

ಸವಾರಿಯ ವ್ಯವಸ್ಥೆ ನಿಜಕ್ಕೂ ಚೆನ್ನಾಗಿದೆ. ಮುಂದೆ ಒಬ್ಬರು ದಾರಿ ತೋರಿಸುತ್ತಾರೆ, ಅವರನ್ನು ದಾಟುವಂತಿಲ್ಲ. ಎಲ್ಲರಿಗಿಂತ ಹಿಂದೆ ಇನ್ನೊಬ್ಬರು, ಅವರ ಹಿಂದೆ ಯಾರೂ ಉಳಿಯುವಂತಿಲ್ಲ. ಪಂಪು, ಪಂಕ್ಚರ್ ಸಾಮಾನು, ಔಷಧಿ ಚೀಲ ಇರುವುದು ಹಿಂದಿನವರ ಬಳಿ. ಕೆಟ್ಟು ನಿಲ್ಲುವ ಸೈಕಲ್ ಯಾವಾಗಲೂ ಹಿಂದಕ್ಕೆ ಉಳಿಯುತ್ತದೆ ತಾನೆ? ಕೂಟವನ್ನು ಏಳೆಂಟು ಜನರ ತುಂಡುಗಳಾಗಿ ಒಡೆದು ನಡುವೆ ಜಾಗ ಬಿಡುತ್ತಾರೆ. ಬದಿಯಡ್ಕ ರಸ್ತೆಯ ಬಸ್ಸುಗಳು ಒಂದು ತುಂಡನ್ನು ದಾಟಿ ಆ ಜಾಗಕ್ಕೆ ಸೇರಿಕೊಳ್ಳಬಹುದು. ಇಪ್ಪತ್ತೈದು ಸೈಕಲ್‌ಗಳ ಒಂದೇ ಸಾಲಾದರೆ ಬಸ್ಸಿನವರು ಅರ್ಧಕ್ಕೆ ಬಂದು ಎಡಕ್ಕೆ ಒತ್ತುತ್ತಾರೆ. ಮಗುವಿನ ಜೊತೆಗಿರುವ ದೊಡ್ಡವರು ಅರ್ಧ ಸೈಕಲ್‌ನಷ್ಟು ಹಿಂದೆ, ಬಲಕ್ಕೆ ಇರಬೇಕೆಂದು ಹೊರಡುವ ಮೊದಲೇ ಹೇಳಿಕೊಡುತ್ತಾರೆ. ಆಗ ವಾಹನಗಳ ಕಡೆ ದೊಡ್ಡವರ ಮೈ ಇರುತ್ತದೆ, ಮಗು ಸದಾ ಕಣ್ಣೆದುರು ಇರುತ್ತದೆ.

ನಾಯ್ಕಾಪಿನಲ್ಲಿ ಮುಖ್ಯರಸ್ತೆ ಬಿಟ್ಟು ಒಳಗೆ ತಿರುಗಿದರೆ ಚಡಾವು. ಮಕ್ಕಳ ಸೈಕಲ್‌ನ ಚೈನು ಬೀಳುವುದು ಇಲ್ಲೇ. ಏರು ಶುರುವಾಗಿ ಕಾಲು ಸೋತ ಮೇಲೆ, ಪೆಡಲ್ ಮೇಲೆ ಪೂರ್ತಿ ಭಾರ ಹಾಕಿಕೊಂಡು ಗೇರ್ ತಿರುಗಿಸುತ್ತಾರೆ. ಬಿಗಿಯಾದ ಚೈನು ಹಲ್ಲಿನಿಂದ ಹಲ್ಲಿಗೆ ಹೋಗಲಾರದೆ ಕಳಚಿಕೊಳ್ಳುತ್ತದೆ. ಏರು ಕಾಣಿಸಿದ ಕೂಡಲೇ, ಸಮತಟ್ಟಿನಲ್ಲಿರುವಾಗಲೇ, ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಹಾಕಿಸಿ. ಚೈನು ಬಿದ್ದರೆ ಹಿಂದಿನ ಡಿರೇಲರ್ (ಗೇರ್ ಬದಲಿಸುವಾಗ ಚೈನನ್ನು ಸರಿಸುವ ಭಾಗ) ಅನ್ನು ಮುಂದಕ್ಕೆ ತಳ್ಳಿ ಚೈನು ಸಡಿಲ ಮಾಡಿ, ಮುಂದಿನ ಹಲ್ಲುಚಕ್ರದ ಕೆಳಭಾಗಕ್ಕೆ ನಾಲ್ಕು ಕೊಂಡಿ ಸಿಕ್ಕಿಸಿ, ಪೆಡಲನ್ನು ಕೈಯಲ್ಲಿ ನಿಧಾನ ಹಿಂದಕ್ಕೆ ತಿರುಗಿಸಿದರೆ ಉಳಿದದ್ದು ತಾನೇ ಕೂರುತ್ತದೆ. ಗೇರ್ ಇಲ್ಲದ ಸೈಕಲ್ ಆದರೆ ಇಳಿದು ನೂಕಿಕೊಂಡು ಹೋಗುವುದೇ ದಾರಿ. ಬಳಗದವರು ಇದಕ್ಕೆ ಸಮಯ ಇಟ್ಟುಕೊಂಡಿದ್ದಾರೆ, ನೂಕುವ ಮಗುವಿನ ಜೊತೆ ತಾವೂ ಇಳಿದು ನಡೆಯುತ್ತಾರೆ.

ಇನ್ನು ಬಾಡಿಗೆ ಸೈಕಲ್. 20 ಇಂಚಿನ ಚಕ್ರದವು ಆರರಿಂದ ಒಂಬತ್ತು ವರ್ಷದವರಿಗೆ, 24 ಇಂಚಿನವು ಅದರ ಮೇಲಿನವರಿಗೆ ಸರಿ, ಅಳತೆಯಲ್ಲಿ ತಕರಾರಿಲ್ಲ. ತಕರಾರು ಇರುವುದು ಬ್ರೇಕಿನ ಹಿಡಿಯಲ್ಲಿ. ಹಿಡಿ ದೊಡ್ಡವರ ಕೈಗೆ ಆಗುವಷ್ಟು ದೂರ ಇದೆ. ಮಗುವಿನ ಬೆರಳ ತುದಿ ಮಾತ್ರ ತಾಗುತ್ತದೆ, ಒತ್ತಲು ಬಲ ಬರುವುದಿಲ್ಲ. ಹಿಡಿಯ ಬುಡದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಒಳಕ್ಕೆ ತಿರುಗಿಸಿದರೆ ಹಿಡಿ ಹತ್ತಿರ ಬರುತ್ತದೆ, ಅರ್ಧ ನಿಮಿಷದ ಕೆಲಸ. ಅದಾದ ಮೇಲೆ ಕೇಬಲ್ ಎಷ್ಟು ಬಿಗಿಯಿದೆ ನೋಡಿ. ಪೂರ್ತಿ ಒತ್ತಿದಾಗ ಹಿಡಿ ಹ್ಯಾಂಡಲ್‌ಗೆ ತಾಗಿದರೆ ಆ ಸೈಕಲ್ ಬೇಡ. ಪರೀಕ್ಷೆ ಸುಲಭ: ಮಗು ಎರಡು ಬೆರಳಲ್ಲಿ ಹಿಂದಿನ ಬ್ರೇಕ್ ಹಿಡಿಯಲಿ, ನೀವು ಸೈಕಲನ್ನು ಮುಂದಕ್ಕೆ ತಳ್ಳಿ. ಚಕ್ರ ಉರುಳಿದರೆ ಬ್ರೇಕ್ ಇಲ್ಲವೆಂದೇ ಲೆಕ್ಕ. ಈ ಪರೀಕ್ಷೆಯನ್ನು ಬಳಗದವರೇ ಪ್ರತಿ ಸೈಕಲ್‌ಗೂ ಮಾಡಬೇಕು. ಈಗ ಮಾಡುವುದು ಗಾಳಿಯ ಪರೀಕ್ಷೆ ಒಂದೇ.

ಗಾಳಿಯಲ್ಲೂ ಒಂದು ತೊಡಕು ಇದೆ. ಕಡಿಮೆ ಬೆಲೆಯ ಮಕ್ಕಳ ಸೈಕಲ್‌ಗಳಲ್ಲಿ ಇನ್ನೂ ಹಳೆಯ ಮಾದರಿಯ ವಾಲ್ವ್ ಬರುತ್ತದೆ, ಒಳಗೆ ರಬ್ಬರಿನ ವಾಲ್ ಟ್ಯೂಬ್ ಇರುವಂಥದ್ದು. ಬಳಗದ ಪಂಪಿನ ಬಾಯಿ ಕಾರಿನ ಮಾದರಿ ವಾಲ್ವ್‌ಗೆ ಮಾತ್ರ ಕೂರುತ್ತದೆ. ಸ್ವಂತ ಸೈಕಲ್ ತರುವವರು ಮನೆಯಲ್ಲೇ ಗಾಳಿ ತುಂಬಿಸಿ, ನಾಲ್ಕಿಂಚು ವಾಲ್ ಟ್ಯೂಬ್ ಮತ್ತು ಅದಕ್ಕೆ ಹೊಂದುವ ಅಡಾಪ್ಟರ್ ಜೇಬಿನಲ್ಲಿಡಿ. ಗಾಳಿಯ ಮಿತಿ ಟಯರಿನ ಬದಿಯಲ್ಲೇ ಬರೆದಿರುತ್ತದೆ. ಹಗುರ ಮಗುವಿಗೆ ಕೆಳಗಿನ ಅಂಕೆಯ ಹತ್ತಿರ ಇಟ್ಟರೆ ಸಾಕು, ತೀರಾ ಗಟ್ಟಿ ಟಯರು ಮುರಕಲ್ಲಿನ ಹರಳಿನ ಮೇಲೆ ಪುಟಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ್ದು ವಾಪಸಿನ ಇಳಿಜಾರಿನಲ್ಲಿ. ಡಾಂಬರಿನ ಅಂಚಿನಲ್ಲಿ ಕೆಂಪು ಹರಳು ಹರಡಿರುತ್ತದೆ. ಹೆದರಿದ ಮಗು ಹಿಂದಿನ ಬ್ರೇಕನ್ನೇ ಗಟ್ಟಿಯಾಗಿ ಹಿಡಿದುಬಿಡುತ್ತದೆ, ಚಕ್ರ ನಿಂತು ಹರಳಿನ ಮೇಲೆ ಅಡ್ಡಕ್ಕೆ ಜಾರುತ್ತದೆ. ಎರಡೂ ಬ್ರೇಕನ್ನು ಒಟ್ಟಿಗೆ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಇಳಿಯುವುದನ್ನು ಮೊದಲೇ ಅಂಗಳದಲ್ಲಿ ಕಲಿಸಿರಬೇಕು. ಇಲ್ಲಿ ಬಳಗದವರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಬಿಟ್ಟರೆ ಇನ್ನೂ ಒಳ್ಳೆಯದಿತ್ತು. ಕೂಟವಾಗಿ ಬಿಡುವುದರಿಂದ ಒಬ್ಬ ಬಿದ್ದರೆ ಹಿಂದಿನವನಿಗೆ ತಿರುಗಿಸಲು ಜಾಗವಿಲ್ಲ.

ನಾಲ್ಕೈದು ವರ್ಷದವರನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬರುವವರಿದ್ದಾರೆ. ದಯವಿಟ್ಟು ಬೇಡ. ಏರಿನಲ್ಲಿ ಸೈಕಲ್ ಓಲಾಡಿದಾಗ ಮಗು ಕಾಲು ಒಳಕ್ಕೆ ಸೆಳೆದುಕೊಳ್ಳುತ್ತದೆ, ಹಿಮ್ಮಡಿ ಕಡ್ಡಿಗಳ ನಡುವೆ ಸಿಕ್ಕಿ ಚರ್ಮ ಕಿತ್ತು ಬರುತ್ತದೆ. ಬೆಲ್ಟು, ಕಾಲಿಗೆ ಬಟ್ಟಲು, ಪಕ್ಕಕ್ಕೆ ಮರೆ ಇರುವ ಸೀಟಿದ್ದರೆ ಮಾತ್ರ ಕರೆತನ್ನಿ. ಹೆಲ್ಮೆಟ್ ಬಳಗದವರೇ ಕೊಡುತ್ತಾರೆ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಗಲ್ಲದ ಪಟ್ಟಿಯೊಳಗೆ ಒಂದು ಬೆರಳು ಮಾತ್ರ ಹೋಗಬೇಕು.

ಅನಂತಪುರದಲ್ಲಿ ಒಂದು ಗಂಟೆ ಬಿಡುವು. ಕೆರೆಯ ನಡುವಿನ ಗುಡಿಯನ್ನು ಮೇಲಿನಿಂದಲೇ ನೋಡಬಹುದು. ಒಳಗೆ ಹೋಗುವವರು ಸೈಕ್ಲಿಂಗ್ ಚಡ್ಡಿಯ ಮೇಲೆ ಸುತ್ತಲು ಒಂದು ಪಂಚೆ ಇಟ್ಟುಕೊಳ್ಳಿ. 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಈ ಕೆರೆಯ ಮೊಸಳೆ ಬಬಿಯಾನ ಬಗ್ಗೆ ಮಕ್ಕಳು ಕೇಳಿಯೇ ಕೇಳುತ್ತಾರೆ. ಮರುವರ್ಷ ಕೆರೆಯಲ್ಲಿ ಮತ್ತೊಂದು ಮರಿ ಕಾಣಿಸಿಕೊಂಡದ್ದನ್ನೂ ಹೇಳಿ. ತಿಂಡಿ ಬಳಗದ್ದೇ: ಸಜ್ಜಿಗೆ, ಅವಲಕ್ಕಿ, ಪುನರ್ಪುಳಿ ಶರಬತ್ತು. ಶರಬತ್ತಿಗೆ ಚಿಟಿಕೆ ಉಪ್ಪು ಹಾಕುತ್ತಾರೆ, ಬೆವರಿದ ಮೈಗೆ ಅದು ಬೇಕು. ನೀರು ಮಾತ್ರ ನಿಮ್ಮದೇ ಇರಲಿ, ದೊಡ್ಡವರಿಗೆ ಗಂಟೆಗೆ ಅರ್ಧ ಲೀಟರಿನಂತೆ.

ಜೂನ್, ಜುಲೈಯಲ್ಲಿ ಮುರಕಲ್ಲಿಗೆ ಪಾಚಿ ಹಿಡಿದಿರುತ್ತದೆ, ಆಗ ಮಕ್ಕಳನ್ನು ಕರೆದೊಯ್ಯಬೇಡಿ. ಮಳೆ ಇಳಿಯುವ ಸೆಪ್ಟೆಂಬರ್ ಒಳ್ಳೆಯ ಕಾಲ. ಪದವಿನ ನೀರು ನಿಂತ ಕಡೆಗಳಲ್ಲಿ ಪುಟಾಣಿ ನೀಲಿ ಹೂಗಳು ಹಾಸಿರುತ್ತವೆ. ಮನೆಗೆ ಬಂದ ದಿನವೇ ಚೈನನ್ನು ಒಣ ಬಟ್ಟೆಯಲ್ಲಿ ಒರೆಸಿ, ಪ್ರತಿ ಕೊಂಡಿಗೂ ಒಂದು ಹನಿ ಎಣ್ಣೆ ಬಿಟ್ಟು, ಹೊರಗಿನ ಎಣ್ಣೆ ಒರೆಸಿ ತೆಗೆಯಿರಿ. ಕೆಂಪು ಧೂಳು, ಕಡಲ ಉಪ್ಪುಗಾಳಿ ಎರಡೂ ಸೇರಿದರೆ ಮುಂದಿನ ಭಾನುವಾರದ ಹೊತ್ತಿಗೆ ಚೈನು ತುಕ್ಕು ಹಿಡಿದು ಕಿರುಗುಟ್ಟುತ್ತದೆ.