ಟೂತ್‌ಬ್ರಷ್ ರೋಬೋ, ಪೇಪರ್ ಲೋಟದ ರೋಬೋ: ಮಕ್ಕಳಿಗೆ ಮೊದಲು ಯಾವುದು?

ದಸರಾ ರಜೆಗೆ ಅಕ್ಕನ ಮಗಳು ಬಸವನಗುಡಿಯ ನಮ್ಮ ಮನೆಗೆ ಬಂದಿದ್ದಳು. ನಾಲ್ಕನೇ ಕ್ಲಾಸು. ಬಂದ ದಿನವೇ "ಮಾವ, ಓಡಾಡೋ ರೋಬೋ ಮಾಡೋಣ" ಅಂತ ಹಿಡಿದುಕೊಂಡಳು. ಪ್ರೋಗ್ರಾಮ್, ಬೋರ್ಡು ಯಾವುದೂ ಬೇಡದ, ಸುಮ್ನೆ ಅದುರಿಕೊಂಡೇ ಮುಂದೆ ಸಾಗುವ ರೋಬೋ ಒಂದು ಬಗೆ ಇದೆ. ಅದನ್ನೇ ಮೂರು ರೀತಿಯಲ್ಲಿ ಮಾಡಿ ನೋಡಿದೆವು.

ಮೊದಲು ಮಾಡಿದ್ದು ಟೂತ್‌ಬ್ರಷ್ಷಿನದು. ಬ್ರಷ್ಷಿನ ತಲೆಯಷ್ಟನ್ನೇ ಕತ್ತರಿಸಿ, ಬೆನ್ನಿಗೆ ಡಬಲ್ ಸೈಡ್ ಟೇಪ್ ಅಂಟಿಸಿ, ಮೇಲೆ ಹಳೇ ಮೊಬೈಲಿನ ವೈಬ್ರೇಟರ್ ಮೋಟಾರು ಮತ್ತು ಒಂದು ಬಟನ್ ಸೆಲ್ ಕೂರಿಸಬೇಕು. ಒಂದು ವೈರು ಸೆಲ್ಲಿನ ಕೆಳಗೆ, ಇನ್ನೊಂದು ಮೇಲೆ. ಕೇಳಲು ಸುಲಭ ಅಲ್ವಾ? ನಮಗೆ ಎರಡು ಸಂಜೆ ಹಿಡಿಯಿತು.

ಹ್ಯಾಕ್ಸಾ ಬ್ಲೇಡಿನಿಂದ ಬ್ರಷ್ ಕತ್ತರಿಸುವುದು ಮಗುವಿನ ಕೆಲಸವಲ್ಲ. ಮೋಟಾರಿನ ವೈರು ಕೂದಲಿನಷ್ಟು ಸಣ್ಣ. ಎರಡನೇ ಸಲ ಬಗ್ಗಿಸಿದಾಗಲೇ ಕಿತ್ತು ಬಂತು. ಇನ್ನೊಂದು ಮೋಟಾರಿಗಾಗಿ ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು ಎಲೆಕ್ಟ್ರಾನಿಕ್ ಬಿಡಿಭಾಗದ ಅಂಗಡಿಗಳಿರುವ ಎಸ್.ಪಿ. ರೋಡಿಗೆ ನಡೆದೆ. (ಹೋಗುವವರು ಭಾನುವಾರ ಬಿಟ್ಟು ಹೋಗಿ, ಅವತ್ತು ಅಲ್ಲಿ ಬಹಳ ಅಂಗಡಿ ಬಾಗಿಲು ಹಾಕಿರುತ್ತವೆ. ಮೋಟಾರು ಎರಡು ತನ್ನಿ.) ಸೆಲ್ಲಿನದೂ ಒಂದು ಪಾಠವಾಯಿತು. 2032 ನಂಬರಿನದು 3 ವೋಲ್ಟ್ ಕೊಡುತ್ತದೆ, ಆದರೆ ಅದರ ಅಗಲ 20 ಮಿಲಿಮೀಟರ್. ಬ್ರಷ್ಷಿನ ಎರಡೂ ಕಡೆ ಚಾಚಿಕೊಂಡು ರೋಬೋ ಒಂದು ಪಕ್ಕಕ್ಕೆ ಉರುಳುತ್ತಿತ್ತು. ಅದಕ್ಕಿಂತ ಸಣ್ಣದಾದ ಎಲ್ಆರ್44 ಸೆಲ್ ಹಾಕಿದೆವು. 1.5 ವೋಲ್ಟೇ ಆದರೂ ಸಾಕಾಯಿತು, ಸರಿಯಾಗಿ ಕೂತಿತು.

ಬಳಸಿ ಬಿಟ್ಟ ಬ್ರಷ್ ಬೇಡ. ಅದರ ಕೂದಲು ನಾಲ್ಕು ದಿಕ್ಕಿಗೂ ಕೆದರಿರುತ್ತದೆ, ರೋಬೋ ನಿಂತಲ್ಲೇ ನಡುಗುತ್ತದೆ. ಕೂದಲು ಒಂದೇ ಮಟ್ಟಕ್ಕಿರುವ ಹೊಸ ಬ್ರಷ್ ತಂದು, ಕೂದಲನ್ನೆಲ್ಲ ಒಂದೇ ಕಡೆಗೆ ವಾಲಿಸಿ, ರಾತ್ರಿಯಿಡೀ ಕುಟ್ಟಾಣಿಯ ಕೆಳಗೆ ಒತ್ತಿಟ್ಟೆ. ಬೆಳಿಗ್ಗೆ ಊಟದ ತಟ್ಟೆಯೊಳಗೆ ಬಿಟ್ಟರೆ, ಅಂಚು ಹಿಡಿದು ಜಿರಲೆಯ ಹಾಗೆ ಸುತ್ತಿತು. ನಿಜಕ್ಕೂ ಚೆಂದ. ಆದರೆ ಅದನ್ನು ಮಾಡಿದ್ದು ನಾನು. ಅವಳು ಪಕ್ಕದಲ್ಲಿ ಕೂತು ನೋಡಿದಳು, ಅಷ್ಟೇ.

ಎರಡನೆಯದು ಪೇಪರ್ ಲೋಟದ್ದು. ಲೋಟ ಬೋರಲು ಹಾಕಿ, ಕಾಲಿನ ಹಾಗೆ ಮೂರು ಸ್ಕೆಚ್ ಪೆನ್ ಟೇಪಿನಿಂದ ಕಟ್ಟಬೇಕು. ನೆತ್ತಿಯ ಮೇಲೆ ಕೆಟ್ಟ ಆಟಿಕೆ ಕಾರಿನ ಮೋಟಾರು, ಗೋಡೆ ಗಡಿಯಾರಕ್ಕೆ ಹಾಕುವಂಥ ಎರಡು ಸೆಲ್. ಕತ್ತರಿ, ಟೇಪು ಬಿಟ್ಟರೆ ಬೇರೆ ಸಾಮಾನು ಬೇಡ. ಮುಕ್ಕಾಲು ಗಂಟೆಯಲ್ಲಿ ಅವಳೇ ಮಾಡಿ ಮುಗಿಸಿದಳು.

ಮೋಟಾರಿನ ಕಡ್ಡಿಗೆ ರಬ್ಬರಿನ ತುಂಡು ಚುಚ್ಚಬೇಕಿತ್ತು. ಅವಳು ಸರಿಯಾಗಿ ನಡುವಿಗೇ ಚುಚ್ಚಿದಳು. ಮೋಟಾರು ಗುಂಯ್ ಅಂದಿತು, ಲೋಟ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ನಾನು ಬಾಯಿ ಬಿಡಲಿಲ್ಲ. ಐದು ನಿಮಿಷ ತಿರುಗಿಸಿ ಮುರುಗಿಸಿ ನೋಡಿ, ಕಡ್ಡಿಯನ್ನು ರಬ್ಬರಿನ ಒಂದು ತುದಿಗೆ ಚುಚ್ಚಿದಳು. ಲೋಟ ಕುಣಿಯತೊಡಗಿತು, ಚಾರ್ಟ್ ಪೇಪರಿನ ತುಂಬ ಕೆಂಪು, ನೀಲಿ ಸುರುಳಿ. "ಮಾವ, ಭಾರ ಒಂದೇ ಕಡೆ ಇದ್ರೆ ಅದು ಎಳೀತದೆ!" ಅಂದಳು.

ನನ್ನ ತೀರ್ಮಾನ ನಿಂತಿರುವುದು ಇದರ ಮೇಲೆ. ಮೊಬೈಲಿನ ಮೋಟಾರಿನಲ್ಲೂ ಹೀಗೇ ಒಂದು ಪಕ್ಕಕ್ಕೆ ವಾಲಿದ ಭಾರ ಇರುತ್ತದೆ. ಆದರೆ ಬಿಲ್ಲೆಯಂಥ ಮೋಟಾರಿನಲ್ಲಿ ಅದು ಡಬ್ಬಿಯೊಳಗೆ ಮುಚ್ಚಿಹೋಗಿದೆ. ಅದುರುವುದು ಕಾಣುತ್ತದೆ, ಯಾಕೆ ಅದುರುತ್ತದೆ ಅನ್ನುವುದು ಕಾಣುವುದಿಲ್ಲ. ಲೋಟದ್ದರಲ್ಲಿ ಅದು ಕಣ್ಣೆದುರೇ ಇದೆ, ತಪ್ಪಿದರೆ ಮಗು ತನ್ನ ಬೆರಳಿನಿಂದಲೇ ಸರಿಮಾಡಬಹುದು.

ಮೂರನೆಯದು ಬಟ್ಟೆ ಒಗೆಯುವ ಬ್ರಷ್ಷಿಗೆ ಅದೇ ಮೋಟಾರು ಕಟ್ಟಿದ್ದು. ಭಾರ ಜಾಸ್ತಿ, ಕೂದಲು ಗಟ್ಟಿ ಮತ್ತು ನೆಟ್ಟಗೆ. ಸದ್ದು ಮಾಡಿತು, ಹೋಗಲಿಲ್ಲ. ಅದರ ಹಿಂದೆ ಬೀಳಬೇಡಿ.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಇನ್ನೊಂದು ಮಾತು ನೆನಪಿರಲಿ. ಬಟನ್ ಸೆಲ್ ನುಂಗಿದರೆ ಎರಡೇ ಗಂಟೆಯೊಳಗೆ ಅನ್ನನಾಳ ಸುಡಬಲ್ಲದು. ಅಗಲವಾದ 2032 ಇನ್ನೂ ಅಪಾಯ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ಲೋಟದ ರೋಬೋಗೆ ಈ ಸೆಲ್ ಬೇಕಾಗಿಯೇ ಇಲ್ಲ.

ಹಾಗಂತ ಟೂತ್‌ಬ್ರಷ್ ರೋಬೋ ಬಿಡಬೇಡಿ, ಎರಡನೆಯದಾಗಿ ಮಾಡಿ. ಮೂರನೇ ದಿನ ಅವಳೇ ಕೇಳಿದಳು, "ಮಾವ, ಲೋಟ ಸುತ್ತುತ್ತಾನೇ ಇರತ್ತೆ, ಬ್ರಷ್ ಯಾಕೆ ಮುಂದೆ ಹೋಗತ್ತೆ?" ಬ್ರಷ್ಷನ್ನು ಅವಳ ಅಂಗೈ ಮೇಲೆ ಇಟ್ಟೆ. ಮೆಲ್ಲಗೆ ಮುಂದೆ ತಳ್ಳಿದಳು, ಜಾರಿತು. ಹಿಂದೆ ಎಳೆದಳು, ಕೂದಲು ಚರ್ಮಕ್ಕೆ ಕಚ್ಚಿಕೊಂಡಿತು. ಮತ್ತೆ ತಳ್ಳಿದಳು, ಮತ್ತೆ ಎಳೆದಳು. "ಓ, ವಾಪಸ್ ಬರಕ್ಕೆ ಬಿಡಲ್ಲ ಇದು" ಅಂದಳು.