ಕಲರ್ ಡಾಪ್ಲರ್ ಬೇಕೋ, ಪವರ್ ಡಾಪ್ಲರ್ ಬೇಕೋ?

ಇವು ಅಲ್ಟ್ರಾಸೌಂಡ್ ಸ್ಕ್ಯಾನ್‌ನಲ್ಲಿ ರಕ್ತದ ಹರಿವು ನೋಡುವ ಎರಡು ವಿಧಾನಗಳು. ಎರಡೂ ಚಲಿಸುವ ರಕ್ತಕಣಗಳ ಪ್ರತಿಧ್ವನಿಯನ್ನೇ ಓದುತ್ತವೆ. ಓದುವ ಬಗೆ ಬೇರೆ. ಕಲರ್ ಡಾಪ್ಲರ್ ಸರಾಸರಿ ವೇಗ, ದಿಕ್ಕು ಎರಡನ್ನೂ ತೋರಿಸುತ್ತದೆ. ಸಾಮಾನ್ಯವಾಗಿ ಪ್ರೋಬ್‌ನತ್ತ (ಮೈಮೇಲೆ ಇಡುವ ಸ್ಕ್ಯಾನ್ ಉಪಕರಣದತ್ತ) ಬರುವ ರಕ್ತ ಕೆಂಪು, ದೂರ ಸರಿಯುವುದು ನೀಲಿ. ಕೆಂಪೆಂದರೆ ಅಪಧಮನಿ ಎಂದುಕೊಳ್ಳಬೇಡಿ. ಹೃದಯದ ಕವಾಟದ ಸೋರಿಕೆ, ಕತ್ತಿನ ಅಪಧಮನಿ ಕಿರಿದಾಗಿರುವುದನ್ನು ನೋಡಲು ಇದೇ ಸರಿ. ಆದರೆ ಅಲ್ಟ್ರಾಸೌಂಡ್ ಕಿರಣ ರಕ್ತನಾಳಕ್ಕೆ 90 ಡಿಗ್ರಿಯಲ್ಲಿದ್ದರೆ ಹರಿವಿದ್ದರೂ ಬಣ್ಣ ಮೂಡದಿರಬಹುದು. ಪ್ರೋಬ್ ಓರೆ ಮಾಡಿ. ವೇಗದ ಸ್ಕೇಲ್ (ಬಣ್ಣದಲ್ಲಿ ಸರಿಯಾಗಿ ತೋರಿಸಬಹುದಾದ ವೇಗದ ಮಿತಿ) ತೀರಾ ತಗ್ಗಿಸಿದರೆ ಬಣ್ಣ ಮಗುಚಿ, ಹಿಮ್ಮುಖ ಹರಿವಿನಂತೆ ಕಾಣುತ್ತದೆ, ಸ್ಕೇಲ್ ಏರಿಸಿ.

ಪವರ್ ಡಾಪ್ಲರ್ ಸಂಕೇತದ ಬಲವನ್ನಷ್ಟೇ ಅಳೆಯುತ್ತದೆ. ವೇಗ ತಿಳಿಯದು, ಆದರೆ ನಿಧಾನ ಹರಿವು ಚೆನ್ನಾಗಿ ಸಿಗುತ್ತದೆ, ಕೋನದ ತೊಡಕೂ ಕಡಿಮೆ. ಕೀಲಿನ ಉರಿಯೂತಕ್ಕೆ ಇದೇ ಮೇಲು. ವೃಷಣ ತಿರುಚಿರುವ ಅನುಮಾನವಿದ್ದರೆ ಇದನ್ನೂ ಹಾಕಿ, ಎರಡೂ ಬದಿ ಹೋಲಿಸಿ. ಆದರೆ ರೋಗಿ ಅಲುಗಿದರೆ ಪರದೆ ತುಂಬ ಸುಳ್ಳು ಬಣ್ಣ ಚೆಲ್ಲುತ್ತದೆ.