ಅಂಗಳಕ್ಕೆ ಹಾಸುವ ಕಲ್ಲುಗಳು: ನಮ್ಮ ಕರಾವಳಿ ಮಳೆಗೆ ಯಾವುದು ನಿಲ್ಲುತ್ತದೆ?

ಮಂಗಳೂರು, ಉಡುಪಿಯ ಅಂಗಡಿಗಳಲ್ಲಿ ಅಂಗಳಕ್ಕೆಂದು ಮಾರುವ ಕಲ್ಲುಗಳಲ್ಲಿ ನಮ್ಮ ಹವೆಗೆ ಚೆನ್ನಾಗಿ ಒಗ್ಗುವುದು 20 ಎಂ.ಎಂ. ಕರಿ ಜಲ್ಲಿ. ಮನೆ ಕಟ್ಟುವಾಗ ಕಾಂಕ್ರೀಟಿಗೆ ತರಿಸುತ್ತೇವಲ್ಲ, ಅದೇ. ಅಂಗಡಿಯ ಬಾಗಿಲಲ್ಲಿ ಹೊಳೆಯುವ ಬಿಳಿ ಪೆಬಲ್ಸ್ ಒಂದೆರಡು ಮಳೆಗಾಲದಲ್ಲೇ ಹಸಿರಾಗುತ್ತದೆ. ಆದರೆ ಕಲ್ಲಿಗಿಂತ ಮುಖ್ಯವಾದ ಖರ್ಚು ಕಲ್ಲಿನ ಅಡಿಯಲ್ಲಿದೆ. ‘ಚದರಡಿಗೆ ಇಷ್ಟು’ ಎಂದು ದರ ಹೇಳುವ ಪ್ಯಾಕೇಜುಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದೂ ಅದೇ.

ಹುಲ್ಲುಹಾಸಿನ ಬದಲು ಕಲ್ಲು ಹಾಸುವ ಈ ಕ್ರಮ ಒಣ ನಾಡುಗಳದ್ದು. ಅಮೆರಿಕದ ಡೆನ್ವರ್ ನಗರದ ನೀರು ಸರಬರಾಜು ಸಂಸ್ಥೆ 1981ರಲ್ಲಿ ನೀರು ಉಳಿಸುವ ಇಂಥ ತೋಟಗಾರಿಕೆಗೆ ‘ಝೆರಿಸ್ಕೇಪ್’ ಎಂಬ ಹೆಸರು ಕೊಟ್ಟಿತು. ಅರಿಜೋನಾದ ಫೀನಿಕ್ಸ್‌ನಲ್ಲಿ ವರ್ಷವಿಡೀ ಬೀಳುವ ಮಳೆ 200 ಮಿಲಿಮೀಟರ್ ಆಸುಪಾಸು. ನಮ್ಮಲ್ಲಿ ಜುಲೈ ಒಂದರಲ್ಲೇ 1,000 ಮಿಲಿಮೀಟರ್ ದಾಟುವುದುಂಟು. ಅಲ್ಲಿ ಕಲ್ಲಿನ ಕೆಲಸ ಮಣ್ಣಿನ ತೇವ ಹಿಡಿದಿಡುವುದು. ಇಲ್ಲಿ ನಾಲ್ಕು ತಿಂಗಳು ನೀರನ್ನು ಹೊರಗೆ ಕಳಿಸಬೇಕು, ಡಿಸೆಂಬರಿನಿಂದ ಮೇ ತನಕ ತೇವ ಕಾಯಬೇಕು. ಮಂಗಳೂರಿಗೆ ನೀರು ಕೊಡುವ ತುಂಬೆ, ಉಡುಪಿಗೆ ಕೊಡುವ ಬಜೆ ಅಣೆಕಟ್ಟುಗಳಲ್ಲಿ ನೀರು ತಗ್ಗಿ ಎರಡೂ ಊರುಗಳಲ್ಲಿ ರೇಷನಿಂಗ್ ಮಾಡಿದ ಬೇಸಿಗೆಗಳಿವೆ. ಹಾಗಾಗಿ ದಿನಾ ನೀರು ಕೇಳುವ ಲಾನಿಗಿಂತ ಕಲ್ಲಿನಂಗಳ ನಮಗೂ ಒಳ್ಳೆಯದೇ. ಫೀನಿಕ್ಸಿನ ಫೋಟೋ ನೋಡಿ ಹಾಗೇ ಮಾಡಿಸಿದರೆ ಮಾತ್ರ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಅಂಗಳ ಕೆರೆಯಾಗುತ್ತದೆ.

ಲೆಕ್ಕ ನೋಡಿ. 300 ಚದರಡಿ ಅಂಗಳದ ಮೇಲೆ ಒಂದು ದಿನ 100 ಮಿಲಿಮೀಟರ್ ಸುರಿದರೆ ಸುಮಾರು 2,800 ಲೀಟರ್. 1,000 ಚದರಡಿ ಮಾಡಿನ (ಛಾವಣಿಯ) ನೀರೂ ಅಲ್ಲಿಗೇ ಬಿದ್ದರೆ ಇನ್ನೂ 9,300 ಲೀಟರ್. ಕದ್ರಿಯ ಗುಡ್ಡೆಯಲ್ಲೋ ಮಣಿಪಾಲದಲ್ಲೋ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲವನ್ನು ಜೆಸಿಬಿಯಲ್ಲಿ ಕಡಿದು ಸಮ ಮಾಡಿದ ಜಾಗವಾದರೆ ಇಷ್ಟು ನೀರು ಬೇಗ ಇಂಗುವುದಿಲ್ಲ. ಮಲ್ಪೆ, ಉಳ್ಳಾಲದ ಹೊಯ್ಗೆ (ಮರಳು) ನೆಲದಲ್ಲಿ ಇಂಗುತ್ತದೆ, ಆದರೆ ಕಲ್ಲಿನ ಕೆಳಗೆ ನೀರು ಇಳಿಯುವಂಥ ಬಟ್ಟೆ (ಅದರ ಬಗೆ ಮುಂದೆ ಹೇಳಿದೆ) ಇಲ್ಲದಿದ್ದರೆ ಕಲ್ಲೇ ಹೊಯ್ಗೆಯೊಳಗೆ ಇಳಿದುಹೋಗುತ್ತದೆ.

ಆದ್ದರಿಂದ ಮೊದಲು ಇಳಿಜಾರು. ಮನೆಯ ಪಂಚಾಂಗದಿಂದ (ಅಡಿಪಾಯದ ಕಟ್ಟೆಯಿಂದ) ಗೇಟಿನ ಕಡೆಗೆ 20 ಅಡಿಗೆ ಕನಿಷ್ಠ ಎರಡೂವರೆ ಇಂಚು, ಸಾಧ್ಯವಾದರೆ ಐದು ಇಂಚು ಇಳಿಸಬೇಕು. ತಗ್ಗಿನ ಬದಿಯಲ್ಲಿ ಒಂದಡಿ ಅಗಲ, ಒಂದೂಕಾಲು ಅಡಿ ಆಳದ ಕಣಿ ತೆಗೆದು, ಒಳಗೆ ಬಟ್ಟೆ ಹಾಸಿ, ತೂತು ಕೊರೆದ 4 ಇಂಚಿನ ಪಿವಿಸಿ ಪೈಪನ್ನು ತೂತು ಕೆಳಮುಖವಾಗಿ ಇಟ್ಟು, ಸುತ್ತ 40 ಎಂ.ಎಂ. ಜಲ್ಲಿ ತುಂಬಿ, ಬಟ್ಟೆಯನ್ನು ಮೇಲೆ ಮಡಚಬೇಕು. ಈ ಪೈಪನ್ನು ಮಳೆನೀರಿನ ಚರಂಡಿಗೋ ಇಂಗುಗುಂಡಿಗೋ ಕೊಡಿ, ಒಳಚರಂಡಿಯ ಮ್ಯಾನ್‌ಹೋಲಿಗೆ ಬೇಡ. ಗುಡ್ಡೆಯ ಅಂಚಿನ ಮನೆಗಳಲ್ಲಿ ಇಂಗುಗುಂಡಿಯನ್ನು ತಡೆಗೋಡೆಯ ಹತ್ತಿರ ತೆಗೆಯಲೇಬಾರದು. ನೀರು ಕುಡಿದ ಮಣ್ಣು ಗೋಡೆಯನ್ನು ಹಿಂದಿನಿಂದ ದೂಡುತ್ತದೆ. ಮಳೆಗಾಲದಲ್ಲಿ ಕಂಪೌಂಡು ಕುಸಿಯುವುದಕ್ಕೆ ಇದೊಂದು ದೊಡ್ಡ ಕಾರಣ. ಗೋಡೆಯಲ್ಲಿ ನೀರು ಹೋಗಲು ಬಿಟ್ಟ ತೂತುಗಳನ್ನು ಜಲ್ಲಿ ಮುಚ್ಚದಂತೆಯೂ ನೋಡಿಕೊಳ್ಳಿ.

ಕಳೆ ತಡೆಯಲು ಹಾಸುವುದಕ್ಕೆ ಮೂರು ಬಗೆ ಸಿಗುತ್ತದೆ. ಟರ್ಪಾಲು ಅಥವಾ ಪ್ಲಾಸ್ಟಿಕ್ ಶೀಟು ಖಂಡಿತ ಬೇಡ. ನೀರು ಅದರ ಮೇಲೇ ನಿಲ್ಲುತ್ತದೆ, ಇಳಿಜಾರಿನಲ್ಲಿ ಕಲ್ಲು ಜಾರುತ್ತದೆ, ಸೊಳ್ಳೆಗೂ ಜಾಗವಾಗುತ್ತದೆ. ನರ್ಸರಿಗಳಲ್ಲಿ ಕೊಡುವ ನೇಯ್ದ ಕಪ್ಪು ವೀಡ್ ಮ್ಯಾಟ್ ಕುಂಡ ಇಡುವ ಜಾಗಕ್ಕೆ ಚೆನ್ನ. ಅಂಗಳದಲ್ಲಿ ನಮ್ಮ ಕೆಂಪು ಜೇಡಿ ಅದರ ಕಣ್ಣುಗಳನ್ನು ಮುಚ್ಚಿಬಿಡುತ್ತದೆ. ರಸ್ತೆ ಕೆಲಸಕ್ಕೆ ಬಳಸುವ ಕಂಬಳಿಯಂಥ ನೇಯದ ಜಿಯೋಟೆಕ್ಸ್‌ಟೈಲ್ 150ರಿಂದ 200 ಜಿ.ಎಸ್.ಎಂ.ನದ್ದು (ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ತೂಕದ್ದು) ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಒಂದರ ಮೇಲೊಂದು 6 ಇಂಚು ಬರುವಂತೆ ಹಾಸಬೇಕು, ಅದಕ್ಕೆ 300 ಚದರಡಿಗೆ 340–350 ಚದರಡಿ ಬಟ್ಟೆ ಬೇಕು. ಯು ಪಿನ್ನುಗಳನ್ನು ಅಂಚಿನಲ್ಲಿ ಅಡಿಗೊಂದು, ನಡುವೆ ಎರಡು ಮೂರು ಅಡಿಗೊಂದು ಹೊಡೆಯಬೇಕು.

ಒಳ್ಳೆಯ ಬಟ್ಟೆಯೂ ಕೊನ್ನಾರಿಗಡ್ಡೆಯನ್ನು ತಡೆಯುವುದಿಲ್ಲ. ಅದರ ಮೊಳಕೆಯ ತುದಿ ಸೂಜಿಯಂತೆ ಬಟ್ಟೆ ತೂರಿ ಬರುತ್ತದೆ. ಮಳೆ ಬಿಟ್ಟ ಮೇಲೆ ಮಣ್ಣು ಇನ್ನೂ ಹಸಿ ಇರುವಾಗ ಗಡ್ಡೆ ಸಮೇತ ಅಗೆದು, ಎರಡು ಮೂರು ವಾರ ನೀರು ಹಾಕಿ ಉಳಿದದ್ದನ್ನು ಮೊಳೆಯಲು ಬಿಟ್ಟು, ಇನ್ನೊಮ್ಮೆ ಅಗೆಯಬೇಕು. ಈ ಮೂರು ವಾರ ಕಾಯಲು ಒಪ್ಪದ ಗುತ್ತಿಗೆದಾರರಿಗೆ ಕೆಲಸ ಕೊಡಬೇಡಿ.

ಇನ್ನು ಕಲ್ಲು. ಕರಿ ಜಲ್ಲಿಯ ಮೂಲೆಗಳು ಚೂಪು, ಒಂದಕ್ಕೊಂದು ಕಚ್ಚಿ ಕೂರುತ್ತದೆ. ಕಾರು ಹೋದರೂ, ಮಾಡಿನ ನೀರು ಹರಿದರೂ ಸುಲಭಕ್ಕೆ ಜರುಗುವುದಿಲ್ಲ, ಪಾಚಿ ಬಂದರೂ ಕಪ್ಪಿನಲ್ಲಿ ಎದ್ದು ಕಾಣುವುದಿಲ್ಲ. 300 ಚದರಡಿಗೆ 3 ಇಂಚು ದಪ್ಪ ಅಂದರೆ 75 ಘನ ಅಡಿ, ಮುಕ್ಕಾಲು ಯೂನಿಟ್ (ಯೂನಿಟ್ ಎಂದರೆ 100 ಘನ ಅಡಿ), ತೂಕ ಸುಮಾರು ಮೂರು ಟನ್ನು. ಕಾರು ನಿಲ್ಲುವಲ್ಲಿ ಇದರ ಕೆಳಗೆ 40 ಎಂ.ಎಂ. ಜಲ್ಲಿಯನ್ನು 4 ಇಂಚು ದಪ್ಪಕ್ಕೆ ಹಾಕಿ ದಮ್ಮಸ್ಸು ಮಾಡಿಸಬೇಕು. ಜಲ್ಲಿಯನ್ನು ತೊಳೆದೇ ಹಾಕಿಸಿ. ಕ್ರಶರಿನ ಹುಡಿ ಕೆಳಗಿಳಿದರೆ ಬಟ್ಟೆ ಕಟ್ಟಿಕೊಳ್ಳುತ್ತದೆ. ಇದರ ದೊಡ್ಡ ಕೊರತೆ ಎಂದರೆ ಬರಿಗಾಲಿಗೆ ಚುಚ್ಚುವುದು. ತುಳಸಿಕಟ್ಟೆಗೆ ಸುತ್ತು ಬರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಕಟ್ಟೆಯ ಸುತ್ತ ಮೂರಡಿ ಅಗಲಕ್ಕೆ ಒರಟು ಮೈಯ ಶಿಲೆಕಲ್ಲಿನ ಚಪ್ಪಡಿ ಹಾಸಿ, ಗೇಟಿನಿಂದ ಮೆಟ್ಟಿಲ ತನಕ ಎರಡಡಿಗೊಂದರಂತೆ ಹೆಜ್ಜೆಗಲ್ಲು ಇಟ್ಟರೆ ತೊಂದರೆ ಕಳೆಯುತ್ತದೆ. ಪಾಲಿಶ್ ಮಾಡಿದ ಗ್ರಾನೈಟ್ ಬೇಡ, ಮಳೆಗೆ ಜಾರುತ್ತದೆ.

ಚೀಲದಲ್ಲಿ ಬರುವ ಬಿಳಿ ಪೆಬಲ್ಸ್ ಎಷ್ಟೋ ಸಲ ಅಮೃತಶಿಲೆಯ ಚೂರು. ನಿಂಬೆರಸ ಹಿಂಡಿ ನೋಡಿ, ನೊರೆ ಬಂದರೆ ಸುಣ್ಣದ ಕಲ್ಲು. ಪಾಚಿ ತೆಗೆಯಲು ಆಸಿಡ್ ಹಾಕಿದರೆ ಕಲ್ಲೇ ಕರಗಿ ಹೊಳಪು ಹೋಗುತ್ತದೆ. ಸುಣ್ಣ ಮಣ್ಣಿಗೆ ಇಳಿದು ಪಕ್ಕದ ಕೇಪುಳದ (ಇಕ್ಸೋರಾ) ಎಲೆ ಹಳದಿಯಾಗುತ್ತದೆ, ಹುಳಿ ಮಣ್ಣಿನ ಗಿಡ ಅದು. 2 ಇಂಚು ದಪ್ಪ ಹಾಕಿದರೂ 300 ಚದರಡಿಗೆ 20 ಕಿಲೋದ ನೂರಕ್ಕೂ ಹೆಚ್ಚು ಚೀಲ ಬೇಕು. ಇಷ್ಟು ದುಡ್ಡು ಹಾಕಿ ಪ್ರತಿ ವರ್ಷ ತೊಳೆಯುವುದಾದರೆ ಅದು ಕಡಿಮೆ ನಿರ್ವಹಣೆಯ ಅಂಗಳವೇ ಅಲ್ಲ. ಮಾಡಿನ ಅಡಿ, ಮಳೆ ತಾಗದ ಮೂಲೆಯಲ್ಲಿ ನಾಲ್ಕು ಚದರಡಿಗೆ ಹಾಕಿದರೆ ಚಂದ. ಬಣ್ಣ ಹಾಕಿದ ಕಲ್ಲುಗಳ ಬಣ್ಣ ಬಿಸಿಲಿಗೆ ಬಿಡುತ್ತದೆ, ಅವು ಬೇಡವೇ ಬೇಡ.

ಗುಂಡನೆಯ ಹೊಳೆಕಲ್ಲು ಕಾಲಿಗೆ ಹಿತ, ಕಣ್ಣಿಗೂ ತಂಪು. ಆದರೆ ಉರುಳುತ್ತದೆ, ಕಾರಿನ ಚಕ್ರ ಹೂತುಹೋಗುತ್ತದೆ. ಹೊಳೆಯಿಂದ ಯಾರೋ ಹೆಕ್ಕಿ ತಂದದ್ದನ್ನು ಕೊಳ್ಳಬೇಡಿ, ಪರ್ಮಿಟ್ ಇರುವ ಲೋಡು ಮಾತ್ರ ತರಿಸಿ.

ಮುರಕಲ್ಲನ್ನು ಅಂಚಿಗೆ ಬಳಸುವುದು ನಮ್ಮ ಊರಿನದೇ ಕ್ರಮ, ಅದಕ್ಕಿಂತ ಚಂದದ ಅಂಚು ಬೇರೆ ಇಲ್ಲ. ಕಲ್ಲನ್ನು ಅರ್ಧ ಹೂತು, ಹಾಸಿಗಿಂತ ಎರಡಿಂಚು ಮೇಲೆ ಬಿಡಿ. ನಾಲ್ಕೈದು ಅಡಿಗೊಮ್ಮೆ ಒಂದಿಂಚು ಸಂದು ಬಿಡದಿದ್ದರೆ ಅಂಚೇ ನೀರಿಗೆ ಕಟ್ಟವಾಗುತ್ತದೆ. ಮುರಕಲ್ಲಿನ ಚೂರನ್ನು ನೆಲಕ್ಕೆ ಹಾಸಿದರೆ ಮಾತ್ರ ಸವೆದು ಕೆಂಪು ಹುಡಿಯಾಗಿ ಮನೆಯೊಳಗೆ ಬರುತ್ತದೆ.

ಗಿಡದ ವಿಷಯದಲ್ಲಿ ಪ್ಯಾಕೇಜಿನವರ ಆಯ್ಕೆ ತೀರಾ ನಿರಾಸೆ ತರುತ್ತದೆ. ಕಳ್ಳಿ, ಅಗಾವೆ ನೆಟ್ಟು ಹೋಗುತ್ತಾರೆ, ಜುಲೈಯಲ್ಲಿ ಬುಡ ಕೊಳೆಯುತ್ತದೆ. ಮಳೆಯನ್ನೂ ಬೇಸಿಗೆಯನ್ನೂ ತಾಳುವ ಕೇಪುಳ, ಲಾವಂಚ, ಮಜ್ಜಿಗೆಹುಲ್ಲು ಇಲ್ಲೇ ಇವೆ. ದೇವಕಣಗಿಲೆಯೂ ಆಗುತ್ತದೆ, ಕಡಲ ಗಾಳಿಗೂ ಜಗ್ಗುವುದಿಲ್ಲ. ಲೋಳೆಸರ ಬೇಕೆಂದರೆ ಹೊಯ್ಗೆ ಬೆರೆಸಿದ ಒಂದಡಿ ದಿಬ್ಬದ ಮೇಲೆ ನೆಡಿ. ಪಶ್ಚಿಮದ ಗೋಡೆಗೆ ತಾಗಿಸಿ ಕಲ್ಲು ಹಾಸಿದರೆ ಸಂಜೆಯ ಬಿಸಿ ಕೋಣೆಗೆ ಬರುತ್ತದೆ, ಅಲ್ಲಿ ಎರಡು ಮೂರಡಿ ಗಿಡದ ಪಟ್ಟಿ ಇರಲಿ. ಮಾವು, ಹಲಸಿನ ಅಡಿಯಲ್ಲಿ ಕಲ್ಲು ಬೇಡ. ತರಗೆಲೆ ಜಲ್ಲಿಯ ಸಂದಿನಲ್ಲಿ ಕೊಳೆತು ಮಣ್ಣಾಗಿ, ಬಟ್ಟೆಯ ಮೇಲೆಯೇ ಹೊಸ ಕಳೆ ಹುಟ್ಟುತ್ತದೆ. ಹಿಡಿಸೂಡಿಯಲ್ಲಿ ಜಲ್ಲಿಯ ಮೇಲಿನ ಎಲೆ ಗುಡಿಸಲು ಹೋದರೆ ಕಲ್ಲೂ ಜತೆಗೆ ಬರುತ್ತದೆ, ಹಗುರ ರೇಕ್ ಬೇಕು.

ಕೆಲಸಕ್ಕೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಸಮಯ. ಪತ್ತನಾಜೆಯ (ಮೇ ಕೊನೆಯ) ಹೊತ್ತಿಗೆ ಕಣಿಯ ಬಾಯಿ ಬಿಡಿಸಿ, ತಗ್ಗಿದಲ್ಲಿ ಒಂದಿಷ್ಟು ಜಲ್ಲಿ ತುಂಬಿದರೆ ಆ ವರ್ಷದ ದೊಡ್ಡ ಕೆಲಸ ಮುಗಿಯಿತು. ಗುತ್ತಿಗೆ ಕೊಡುವಾಗ ಅಗೆತ, ಇಳಿಜಾರು, ಕಣಿ, ಬಟ್ಟೆಯ ಜಿ.ಎಸ್.ಎಂ., ಕಲ್ಲಿನ ದಪ್ಪ ಇವನ್ನು ಕೊಟೇಶನ್ನಿನಲ್ಲಿ ಬೇರೆ ಬೇರೆ ಬರೆಸಿ. ಬಟ್ಟೆ ಹಾಸಿದ ಮೇಲೆ, ಕಲ್ಲು ಸುರಿಯುವ ಮೊದಲು, ಮನೆಯ ಬದಿಯಿಂದ ಪೈಪಿನಲ್ಲಿ ಅರ್ಧ ಗಂಟೆ ನೀರು ಬಿಟ್ಟು ನೋಡಿ. ನಿಲ್ಲಿಸಿದ ಕಾಲು ಗಂಟೆಯಲ್ಲಿ ಎಲ್ಲೂ ನೀರು ಉಳಿಯಬಾರದು. ಉಳಿದರೆ ಬಟ್ಟೆ ಎತ್ತಿಸಿ ಇಳಿಜಾರು ಸರಿ ಮಾಡಿಸಿ, ಆಮೇಲೆ ಜಲ್ಲಿಯ ಲೋಡು ತರಿಸಿ.